ಪ್ರೋಬಯೋಟಿಕ್ ಮೊಸರು: ಹೆಸರು ಬೇಡ, ತಳಿ ಕೇಳಿ

ಹಾಸನದ ಬಿ.ಎಂ. ರಸ್ತೆಯ ದೊಡ್ಡ ಅಂಗಡಿಗಳಲ್ಲಿ ಹಾಲು ಮೊಸರಿನ ಫ್ರಿಜ್ಜು ಈಗ ಎರಡು ಪಾಲಾಗಿದೆ. ಕೆಳಗಿನ ಟ್ರೇಯಲ್ಲಿ ಅರ್ಧ ಲೀಟರ್ ಮೊಸರಿನ ಪ್ಯಾಕೆಟ್‌ಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಕಣ್ಣಿನ ಮಟ್ಟದ ಸಾಲಿನಲ್ಲಿ ಚಿಕ್ಕ ಕಪ್‌ಗಳು, ಗೇಣುದ್ದವೂ ಇಲ್ಲದ ಬಾಟಲಿ, ಮೇಲೆ ‘ಪ್ರೋಬಯೋಟಿಕ್’ ಎಂಬ ಮಾತು, ಅಂದರೆ ಆರೋಗ್ಯಕ್ಕೆ ಲಾಭ ತರುವ ಜೀವಂತ ಬ್ಯಾಕ್ಟೀರಿಯಾ ಒಳಗಿದೆ ಎಂದು. ಗ್ರಾಂ ಲೆಕ್ಕಕ್ಕೆ ಭಾಗಿಸಿ ನೋಡಿದರೆ ಮೇಲಿನದು ಕೆಳಗಿನದಕ್ಕಿಂತ ಎಷ್ಟೋ ದುಬಾರಿ. ಆ ಹೆಚ್ಚಿನ ದುಡ್ಡು ಕೊಡುವವರಿಗೆ ಬೇಕಾಗಿರುವುದು ಇಷ್ಟೇ: ಊಟವಾದ ಮೇಲೆ ಹೊಟ್ಟೆ ಉಬ್ಬಬಾರದು, ಬೆಳಿಗ್ಗೆ ಮೋಷನ್ ಸಲೀಸಾಗಿ ಆಗಬೇಕು.

ಇವೆರಡನ್ನೂ ‘ಜೀರ್ಣಕ್ಕೆ ಒಳ್ಳೆಯದು’ ಎಂಬ ಒಂದೇ ಮಾತಿನಲ್ಲಿ ಕಟ್ಟಿಡುವುದರಿಂದಲೇ ಗೊಂದಲ ಶುರು. ಉಬ್ಬರ ಇಳಿಯುವ ಕೆಲಸ ನಡೆಯುವುದು ಹೆಚ್ಚಾಗಿ ಸಣ್ಣ ಕರುಳಿನಲ್ಲಿ, ಮಲ ಸಾಗುವ ಕೆಲಸ ದೊಡ್ಡ ಕರುಳಿನಲ್ಲಿ. ಮೊದಲನೆಯದಕ್ಕೆ ಯಾವ ಮೊಸರಾದರೂ ಸಹಾಯ ಮಾಡುತ್ತದೆ, ಪುರಾವೆಯೂ ಗಟ್ಟಿ. ಎರಡನೆಯದಕ್ಕೆ ಕೆಲವೇ ತಳಿಯ ಬ್ಯಾಕ್ಟೀರಿಯಾ ಸ್ವಲ್ಪ ಸಹಾಯ ಮಾಡುತ್ತವೆ, ಅದೂ ಎಲ್ಲರಿಗಲ್ಲ. ಕೆಲವರಲ್ಲಿ ಇವೆರಡೂ ಒಂದಕ್ಕೊಂದು ಎದುರು ದಿಕ್ಕಿಗೆ ಎಳೆಯುವುದೂ ಉಂಟು.

ಹಾಲಿಗೆ ಗುಡುಗುಡು, ಮೊಸರಿಗೆ ಸುಮ್ಮನೆ

ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್, ನೂರು ಗ್ರಾಮಿಗೆ ಸುಮಾರು 4.7 ಗ್ರಾಂ. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಮಗುವಿನ ಸಣ್ಣ ಕರುಳಿನಲ್ಲಿ ಧಾರಾಳ, ಬೆಳೆಯುತ್ತಾ ಬಂದಂತೆ ಬಹಳ ಜನರಲ್ಲಿ ಕಡಿಮೆ. ದಕ್ಷಿಣ ಭಾರತದಲ್ಲಿ ನಡೆದ ಪರೀಕ್ಷೆಗಳಲ್ಲಿ ವಯಸ್ಕರ ಪೈಕಿ ಸುಮಾರು ಮೂರನೆ ಎರಡು ಭಾಗದವರಿಗೆ ಲ್ಯಾಕ್ಟೋಸ್ ಪೂರ್ತಿ ಅರಗುವುದಿಲ್ಲವೆಂದು ಕಂಡಿದೆ. ಅಂದರೆ ಇದು ರೋಗವಲ್ಲ, ನಮ್ಮ ಕಡೆಯ ಸಾಮಾನ್ಯ ಸ್ಥಿತಿ. ಅರಗದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ, ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ. ಖಾಲಿ ಹೊಟ್ಟೆಗೆ ಲೋಟ ಹಾಲು ಕುಡಿದವರ ಹೊಟ್ಟೆ ಗುಡುಗುಡು ಅನ್ನುವುದು ಇದಕ್ಕೇ. ಒಂದು ಲೋಟದಲ್ಲಿರುವ ಸುಮಾರು 12 ಗ್ರಾಂ ಲ್ಯಾಕ್ಟೋಸನ್ನು ಊಟದ ಜೊತೆ ತೆಗೆದುಕೊಂಡರೆ ಇವರಲ್ಲೂ ಬಹುಪಾಲು ಜನ ತಡೆದುಕೊಳ್ಳುತ್ತಾರೆ ಎಂಬುದು ಬೇರೆ ಮಾತು.

ಮೊಸರಿನಲ್ಲಿ ಲ್ಯಾಕ್ಟೋಸ್ ಮೊದಲೇ ಕಾಲು ಭಾಗದಷ್ಟು ಖರ್ಚಾಗಿ ಹುಳಿಯಾಗಿರುತ್ತದೆ. ಉಳಿದ ಮುಕ್ಕಾಲಿಗೆ ಏನಾಗುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಅಂಗಡಿ ಯೋಗರ್ಟಿನ ಎರಡು ಮೂಲ ಬ್ಯಾಕ್ಟೀರಿಯಾ, ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಬಲ್ಗ್ಯಾರಿಕಸ್, ಹೊಟ್ಟೆಯ ಆಮ್ಲ, ಪಿತ್ತರಸ ತಡೆದುಕೊಂಡು ಬದುಕುವುದರಲ್ಲಿ ಬಲಹೀನ. ಸಣ್ಣ ಕರುಳಿಗೆ ಬರುವಷ್ಟರಲ್ಲಿ ಪಿತ್ತರಸಕ್ಕೆ ಸಿಕ್ಕಿ ಅವುಗಳ ಗೋಡೆ ಒಡೆಯುತ್ತದೆ. ಒಡೆದಾಗ ಒಳಗಿದ್ದ ಲ್ಯಾಕ್ಟೋಸ್ ಒಡೆಯುವ ಕಿಣ್ವ ಹೊರಗೆ ಚೆಲ್ಲುತ್ತದೆ, ನಮ್ಮ ಕರುಳು ಮಾಡಬೇಕಿದ್ದ ಕೆಲಸವನ್ನು ಅದೇ ಮಾಡುತ್ತದೆ. ಬಾಯಿಗೆ ಹೋಗುವಾಗ ಅವು ಜೀವಂತ ಇರಬೇಕು, ಕಿಣ್ವವನ್ನು ಹೊಟ್ಟೆಯ ಆಮ್ಲದಿಂದ ಕಾಪಾಡಿ ತರುವ ಡಬ್ಬಿ ಅವೇ. ಆಮೇಲೆ ಸತ್ತರೆ ನಷ್ಟವಿಲ್ಲ, ಸತ್ತರೇ ಲಾಭ.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಪ್ರೋಬಯೋಟಿಕ್ ಹೆಸರಿನಲ್ಲಿ ಬಂದ ರಾಶಿ ಅರ್ಜಿಗಳನ್ನು ಪುರಾವೆ ಸಾಲದೆಂದು ತಳ್ಳಿಹಾಕಿತು. 2010ರಲ್ಲಿ ಅದು ಒಪ್ಪಿದ ಮಾತು ಇದೊಂದು: ಗ್ರಾಮಿಗೆ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರುವ ಯೋಗರ್ಟು, ಲ್ಯಾಕ್ಟೋಸ್ ಅರಗದವರಿಗೆ ಅದನ್ನು ಅರಗಿಸಲು ನೆರವಾಗುತ್ತದೆ. ಗಮನಿಸಿ, ಇದು ಸಾದಾ ಯೋಗರ್ಟಿಗೆ ಸಿಕ್ಕ ಸರ್ಟಿಫಿಕೇಟು, ವಿಶೇಷ ತಳಿ ಸೇರಿಸಿದ್ದಕ್ಕಲ್ಲ.

ಹಾಗಾಗಿ ಹಾಲು ಆಗದವರು ದುಬಾರಿ ಕಪ್ಪನ್ನು ಹುಡುಕಿ ಹೋಗಬೇಕಾಗಿಲ್ಲ. ಇಲ್ಲೇ ಒಂದು ತಿರುವೂ ಇದೆ. ರಾತ್ರಿ ಮಲಗುವಾಗ ದೊಡ್ಡ ಲೋಟ ಹಾಲು ಕುಡಿದರೆ ಬೆಳಿಗ್ಗೆ ಸಲೀಸು ಎನ್ನುವ ಹಿರಿಯರು ಬಹಳ ಮನೆಗಳಲ್ಲಿ ಸಿಗುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ಕೆಲಸ ಮಾಡುತ್ತಿರುವುದು ಅರಗದ ಲ್ಯಾಕ್ಟೋಸ್. ಮಲಬದ್ಧತೆಗೆ ಡಾಕ್ಟರು ಬರೆಯುವ ಲ್ಯಾಕ್ಟುಲೋಸ್ ಸಿರಪ್ಪನ್ನು ತಯಾರಿಸುವುದೂ ಲ್ಯಾಕ್ಟೋಸಿನಿಂದಲೇ, ಅದು ಕೆಲಸ ಮಾಡುವುದೂ ಹೀಗೆಯೇ: ಅರಗದೆ ಕೆಳಗಿಳಿದು ನೀರೆಳೆದು. ಇಂಥವರು ಹಾಲು ಬಿಟ್ಟು ಮೊಸರು ಹಿಡಿದರೆ ಉಬ್ಬರ ಇಳಿಯುತ್ತದೆ, ಜೊತೆಗೆ ಬೆಳಗಿನ ಸಲೀಸೂ ಹೋಗಬಹುದು. ಬೇರೆ ಕಾರಣಕ್ಕೇ ಇರಬಹುದು, ನಮ್ಮ ಮನೆಗಳಲ್ಲಿ ಮೊಸರನ್ನವನ್ನು ಮೊದಲಿಂದ ಕೊಟ್ಟು ಬಂದದ್ದು ಭೇದಿ ನಿಲ್ಲಲಿ ಎಂದು, ಶುರುವಾಗಲಿ ಎಂದಲ್ಲ.

ದೊಡ್ಡ ಕರುಳಿನ ಲೆಕ್ಕ

ಮೊಸರಿಗೂ ದೀರ್ಘಾಯುಸ್ಸಿಗೂ ಗಂಟು ಹಾಕಿ ಜಗತ್ತಿಗೆಲ್ಲ ಹಬ್ಬಿಸಿದವರು ವಿಜ್ಞಾನಿ ಎಲೀ ಮೆಚ್ನಿಕಾಫ್. ಬಲ್ಗೇರಿಯಾದ ಹುಳಿ ಹಾಲು ಕುಡಿಯುವ ರೈತರು ಹೆಚ್ಚು ಬಾಳುತ್ತಾರೆ, ಅದರ ಬ್ಯಾಕ್ಟೀರಿಯಾ ದೊಡ್ಡ ಕರುಳಿನ ಕೊಳೆತವನ್ನು ತಡೆಯುತ್ತದೆ ಎಂಬುದು ಅವರ ವಾದ. 1908ರಲ್ಲಿ ಅವರಿಗೆ ನೊಬೆಲ್ ಬಂತು, ಆದರೆ ಅದು ರೋಗನಿರೋಧಕ ಶಕ್ತಿಯ ಸಂಶೋಧನೆಗೆ ಬಂದದ್ದು. ಮೊಸರಿನ ಜಾಹೀರಾತಿನಲ್ಲಿ ಆ ಮಾತಿನ ಎರಡನೇ ಅರ್ಧ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ.

ಒಬ್ಬ ಮನುಷ್ಯನ ದೇಹದಲ್ಲಿರುವ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ ಎಂಬುದು 2016ರ ಅಂದಾಜು, ಬಹುಪಾಲು ದೊಡ್ಡ ಕರುಳಿನಲ್ಲೇ. ಒಂದು ಚಿಕ್ಕ ಬಾಟಲಿಯಲ್ಲಿ 650 ಕೋಟಿ ಇವೆ ಎಂದಿಟ್ಟುಕೊಳ್ಳಿ. ಒಂದೂ ಸಾಯದೆ ಅಲ್ಲಿ ತಲುಪಿದರೂ ಆರು ಸಾವಿರಕ್ಕೆ ಒಂದರಷ್ಟಾಯಿತು. ಸಂತೆಪೇಟೆಯ ಸಂತೆಗೆ ಒಬ್ಬ ಹೊಸಬ ಬಂದ ಹಾಗೆ. ಅವನು ವ್ಯಾಪಾರ ಮಾಡಬಹುದು, ಅಂಗಡಿ ಹಾಕಿ ನೆಲೆ ನಿಲ್ಲುವುದು ಅಪರೂಪ. 2018ರಲ್ಲಿ ಇಸ್ರೇಲಿನ ಸಂಶೋಧಕರು ಎಂಡೋಸ್ಕೋಪಿ ಮಾಡಿ ಕರುಳಿನ ಒಳಗಿಂದಲೇ ಮಾದರಿ ತೆಗೆದು ನೋಡಿದಾಗ, ಕೆಲವರ ಕರುಳು ಹೊರಗಿನ ಬ್ಯಾಕ್ಟೀರಿಯಾಕ್ಕೆ ಜಾಗ ಕೊಟ್ಟಿತು, ಕೆಲವರ ಕರುಳು ಬಾಗಿಲೇ ತೆರೆಯಲಿಲ್ಲ. ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಆಗದಿರುವುದಕ್ಕೆ ಇದೊಂದು ಕಾರಣ. ನೆಲೆ ನಿಲ್ಲದ್ದರಿಂದಲೇ ದಿನವೂ ತೆಗೆದುಕೊಳ್ಳಬೇಕು, ಬಿಟ್ಟ ಒಂದೆರಡು ವಾರಕ್ಕೆ ಪರಿಣಾಮವೂ ಹೋಗುತ್ತದೆ.

ಹಾಗಾದರೆ ಏನೂ ಆಗುವುದಿಲ್ಲವೇ? ಆಗುತ್ತದೆ, ಅಳತೆ ಚಿಕ್ಕದು. ಮಲಬದ್ಧತೆ ಇರುವವರ ಮೇಲೆ ನಡೆದ 14 ಪ್ರಯೋಗಗಳನ್ನು, 1182 ಜನರ ಫಲಿತಾಂಶವನ್ನು ಒಟ್ಟಿಗೆ ಇಟ್ಟು 2014ರಲ್ಲಿ ಲೆಕ್ಕ ಹಾಕಿದರು. ಆಹಾರ ಬಾಯಿಗೆ ಹೋದಲ್ಲಿಂದ ಮಲವಾಗಿ ಹೊರಬರುವ ತನಕದ ಪ್ರಯಾಣ ಸರಾಸರಿ 12.4 ಗಂಟೆ ಕಡಿಮೆಯಾಯಿತು, ವಾರಕ್ಕೆ 1.3 ಸಲ ಹೆಚ್ಚು ಮೋಷನ್ ಆಯಿತು. ವಾರಕ್ಕೆ ಮೂರು ಸಲ ಹೋಗುತ್ತಿದ್ದವರು ನಾಲ್ಕು ಸಲ ಹೋಗುವಷ್ಟು. ಆದರೆ ಆ ಸರಾಸರಿಯ ಒಳಗೆ ಇಣುಕಿದರೆ ಲಾಭ ಬಂದದ್ದು ಬೈಫಿಡೋಬ್ಯಾಕ್ಟೀರಿಯಂ ಲ್ಯಾಕ್ಟಿಸ್ ಕೊಟ್ಟವರಲ್ಲಿ. ಲ್ಯಾಕ್ಟೋಬ್ಯಾಸಿಲಸ್ ಕೇಸಿ ಶಿರೋಟಾ ಎಂಬ ಇನ್ನೊಂದು ತಳಿ ಕೊಟ್ಟವರಲ್ಲಿ ಮೋಷನ್ ಸಂಖ್ಯೆ ಏರಲಿಲ್ಲ.

ಬಳಿಕ ಬಂದ ದೊಡ್ಡ ಪ್ರಯೋಗಗಳು ಈ ಉತ್ಸಾಹವನ್ನು ಇನ್ನಷ್ಟು ಇಳಿಸಿದವು. ಲ್ಯಾಕ್ಟಿಸ್ ಜಾತಿಯದೇ ಎಚ್‌ಎನ್019 ತಳಿ 2011ರ ನೂರು ಜನರ ಪ್ರಯೋಗದಲ್ಲಿ ಕರುಳಿನ ಸಾಗಣೆಯನ್ನು ಚೆನ್ನಾಗಿಯೇ ಚುರುಕು ಮಾಡಿತ್ತು. 2018ರಲ್ಲಿ ಇನ್ನೂರು ಚಿಲ್ಲರೆ ಜನರ ಮೇಲೆ ನೋಡಿದಾಗ ಸಾಗಣೆಯ ಸಮಯದಲ್ಲಿ ವ್ಯತ್ಯಾಸ ಸಿಗಲಿಲ್ಲ. ಬಿಬಿ-12 ಎಂಬ ತಳಿಯನ್ನು ಸಾವಿರಕ್ಕೂ ಮೀರಿದ ಜನರಿಗೆ 4 ವಾರ ಕೊಟ್ಟು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೋಷನ್ ಸಂಖ್ಯೆ ಕೊಂಚ ಏರಿತು, ‘ಹೊಟ್ಟೆ ಹಿತವಾಗಿದೆ’ ಎಂಬ ಭಾವನೆಯಲ್ಲಿ ಮಾತ್ರ ಖಾಲಿ ಮದ್ದು (ನೋಡಲು ಅದೇ ಥರ, ಒಳಗೆ ತಳಿ ಇಲ್ಲದ್ದು) ತಿಂದವರಿಗೂ ಇವರಿಗೂ ಅಂತರವಿರಲಿಲ್ಲ. ಖಾಲಿ ಮದ್ದು ಕೊಟ್ಟವರಲ್ಲೂ ಸಾಕಷ್ಟು ಮಂದಿ ಸುಧಾರಿಸುತ್ತಾರೆ, ಹೊಟ್ಟೆಯ ವಿಚಾರದಲ್ಲಿ ಇದು ಯಾವಾಗಲೂ ಹಾಗೇ. ‘ನಮ್ಮ ಅತ್ತಿಗೆಗೆ ಎರಡು ದಿನಕ್ಕೇ ಸರಿಹೋಯಿತು’ ಎಂಬ ಮಾತನ್ನು ಸುಳ್ಳೆನ್ನಬೇಕಾಗಿಲ್ಲ, ಪುರಾವೆ ಎಂದು ಹಿಡಿಯಲಾಗದು ಅಷ್ಟೇ.

ಕಾಫಿ ಗಿಡ ಎಂದರೆ ಸಾಲದು

ಚಿಕ್ಕಮಗಳೂರು ಕಡೆಯ ತೋಟದವರಿಗೆ ತಳಿಯ ಮಾತನ್ನು ವಿವರಿಸಬೇಕಾಗಿಲ್ಲ. ನರ್ಸರಿಗೆ ಹೋಗಿ ಯಾರೂ ‘ಕಾಫಿ ಗಿಡ ಕೊಡಿ’ ಎನ್ನುವುದಿಲ್ಲ. ಅರೇಬಿಕಾ ಎಂದರೂ ಸಾಲದು. ಎಸ್.795 ಬೇಕೇ, ಚಂದ್ರಗಿರಿ ಬೇಕೇ ಎಂದು ಹೇಳಬೇಕು. ಒಂದು ಎತ್ತರಕ್ಕೆ ಹೋಗುತ್ತದೆ, ಇನ್ನೊಂದು ಗಿಡ್ಡ. ಒಂದಕ್ಕೆ ತುಕ್ಕು ರೋಗ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಒಂದು ತಳಿಯ ಮೇಲೆ ಮಾಡಿದ ಪ್ರಯೋಗದ ಫಲವನ್ನು ಇನ್ನೊಂದು ತಳಿಗೆ ಹಚ್ಚಿ ಮಾರಿದರೆ ಬೆಳೆಗಾರ ಸುಮ್ಮನಿರುವುದಿಲ್ಲ.

ಬ್ಯಾಕ್ಟೀರಿಯಾ ಹೆಸರೂ ಹೀಗೆಯೇ ಮೂರು ಮೆಟ್ಟಿಲು. ಬೈಫಿಡೋಬ್ಯಾಕ್ಟೀರಿಯಂ ಎಂಬುದು ಕುಲ, ಅನಿಮಾಲಿಸ್ ಲ್ಯಾಕ್ಟಿಸ್ ಎಂಬುದು ಜಾತಿ, ಉಪಜಾತಿ, ಕೊನೆಯ ಅಕ್ಷರ ಅಂಕಿ ಇರುವುದೇ ತಳಿ. ಪ್ರಯೋಗ ನಡೆಯುವುದು ತಳಿಯ ಮೇಲೆ. ಲೇಬಲ್ಲಿನಲ್ಲಿ ‘ಲ್ಯಾಕ್ಟೋಬ್ಯಾಸಿಲಸ್ ಇದೆ’ ಎಂದು ನಿಲ್ಲಿಸಿದರೆ ‘ಕಾಫಿ ಗಿಡ ಇದೆ’ ಎಂದಷ್ಟೇ ಆಯಿತು. 2011ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ಹೊರಡಿಸಿದ ಮಾರ್ಗಸೂಚಿ ಕೇಳುವುದೂ ಇದನ್ನೇ: ಕುಲ, ಜಾತಿ, ತಳಿ ಮೂರೂ ಬರೆಯಬೇಕು, ಬಳಕೆಯ ಅವಧಿ ಮುಗಿಯುವ ದಿನ ಎಷ್ಟು ಜೀವಂತ ಇರುತ್ತವೆ ಎಂಬುದನ್ನು ಬರೆಯಬೇಕು, ಹೇಗೆ ಶೇಖರಿಸಬೇಕು ಎಂಬುದನ್ನೂ. 2023ರ ಮಾರ್ಚಿನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಎಂದು ಅಚ್ಚು ಹಾಕಬೇಕೆಂಬ ಸೂಚನೆ ಬಂದಾಗ ಕರ್ನಾಟಕ ಕೆರಳಿ ನಿಂತು, ಅದು ವಾರದೊಳಗೆ ಸಡಿಲವಾಯಿತು. ಅದೇ ಪ್ಯಾಕೆಟ್ಟಿನ ಹಿಂಬದಿಯ ಸಣ್ಣ ಅಕ್ಷರಕ್ಕೆ ಅದರ ನೂರರಲ್ಲೊಂದು ಪಾಲು ಗಮನ ಕೊಟ್ಟಿದ್ದರೂ ಚೆನ್ನಾಗಿತ್ತು.

ತಳಿಯಿದ್ದೂ ಮಾತು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಆಕ್ಟಿವಿಯಾ ಪ್ರಕರಣವಿದೆ. ಡ್ಯಾನನ್ ಕಂಪನಿಯ ಈ ಯೋಗರ್ಟು ದಿನಕ್ಕೊಂದು ಕಪ್ಪು ತಿಂದರೆ ಮೋಷನ್ ಕ್ರಮಕ್ಕೆ ಬರುತ್ತದೆ ಎಂದು ಹೇಳಿಕೊಳ್ಳುತ್ತಿತ್ತು. ಪುರಾವೆ ಇದ್ದದ್ದು ದಿನಕ್ಕೆ ಮೂರು ಕಪ್ಪಿಗೆ. 2010ರ ಡಿಸೆಂಬರಿನಲ್ಲಿ ಸುಳ್ಳು ಜಾಹೀರಾತಿನ ಮೇಲೆ ಕಣ್ಣಿಡುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಯಾಗಿ ಕಂಪನಿ ಆ ಮಾತು ಬಿಟ್ಟಿತು, 39 ರಾಜ್ಯಗಳಿಗೆ 2.1 ಕೋಟಿ ಡಾಲರ್ ಕಟ್ಟಿತು. ತಪ್ಪು ತಳಿಯದಲ್ಲ, ಅಳತೆಯದು. ಮೂರು ಕಪ್ಪಿನ ಕೆಲಸವನ್ನು ಒಂದರ ಬೆಲೆಗೆ ಮಾರಲು ಹೋದದ್ದು.

ಫ್ರಿಜ್ಜಿನಿಂದ ಬಾಯಿಗೆ

ಭಾರತದ ಆಹಾರ ನಿಯಮ ಪ್ರೋಬಯೋಟಿಕ್ ಎನ್ನಲು ದಿನದ ಅಳತೆಯಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಕೇಳುತ್ತದೆ. ಲೇಬಲ್ಲುಗಳು ಬಿಲಿಯನ್ ಲೆಕ್ಕ ಕೊಡುತ್ತವೆ, ಒಂದು ಬಿಲಿಯನ್ ಎಂದರೆ 100 ಕೋಟಿ. ಆದರೆ ಚೆನ್ನಾಗಿ ಹೆಪ್ಪಾದ ಮನೆ ಮೊಸರಿನಲ್ಲೂ ಗ್ರಾಮಿಗೆ ಕೋಟಿಗಟ್ಟಲೆ ಇರುತ್ತವೆ. ಒಂದು ಬಟ್ಟಲು, ಅಂದರೆ 150 ಗ್ರಾಂ, ಸಾವಿರ ಕೋಟಿ ದಾಟುವುದೇನೂ ಕಷ್ಟವಲ್ಲ. ಬರೀ ಸಂಖ್ಯೆಯ ಪಂದ್ಯವಾದರೆ ಮನೆಯ ಗಡಿಗೆಯೇ ಗೆಲ್ಲುತ್ತದೆ. ನಾವು ಕೊಡುವ ದುಡ್ಡಿಗೆ ಬಾಟಲಿಯವರು ತೋರಿಸಬೇಕಾದದ್ದು ಯಾವ ತಳಿ, ಯಾವ ಪ್ರಯೋಗ, ಎಷ್ಟು ದಿನ ಎಂಬುದನ್ನು.

ಇನ್ನೊಂದು ತೊಡಕು ಸಾಗಣೆಯದು. ಬೈಫಿಡೋಬ್ಯಾಕ್ಟೀರಿಯಾಕ್ಕೆ ಗಾಳಿಯೂ ಆಗದು, ಹುಳಿಯೂ ಆಗದು. 4 ಡಿಗ್ರಿಯಲ್ಲಿ ಇಟ್ಟಾಗಲೂ ದಿನ ಕಳೆದಂತೆ ಸಂಖ್ಯೆ ಇಳಿಯುತ್ತದೆ. ತಂಪು ತಪ್ಪಿದರೆ ಕಪ್ಪಿನೊಳಗಿನ ಬೇರೆ ಬ್ಯಾಕ್ಟೀರಿಯಾ ಮತ್ತೆ ಹುಳಿ ಮಾಡತೊಡಗುತ್ತವೆ, ಆ ಹುಳಿಗೆ ಮೊದಲು ಸಾಯುವುದು ದುಡ್ಡು ಕೊಟ್ಟು ತಂದ ತಳಿಯೇ. ಮಳೆಗಾಲದ ಮೂಡಿಗೆರೆ, ಸಕಲೇಶಪುರದಲ್ಲಿ ಮರ ಬಿದ್ದು ಲೈನು ಹೋದರೆ ಕರೆಂಟು ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಹಾಗಾಗಿ ಮಲೆನಾಡಿನಲ್ಲಿ ಇಂಥದ್ದನ್ನು ಕೊಳ್ಳುವವರು ಕೊನೆಯ ದಿನಾಂಕ ನೋಡಿದರೆ ಸಾಲದು, ತಯಾರಾದ ದಿನಾಂಕ ನೋಡಬೇಕು, ಅದು ಹತ್ತಿರವಿದ್ದಷ್ಟೂ ವಾಸಿ. ಅಂಗಡಿಯಲ್ಲಿ ಜನರೇಟರ್ ಅಥವಾ ಯುಪಿಎಸ್ ಇದೆಯೇ ಎಂದು ಕೇಳಬೇಕು. ಮುಚ್ಚಳ ಉಬ್ಬಿದ್ದರೆ ಒಳಗೆ ಯೀಸ್ಟೋ ಬೇರೆ ಬ್ಯಾಕ್ಟೀರಿಯಾವೋ ಗ್ಯಾಸ್ ಮಾಡಿದೆ ಎಂದರ್ಥ, ಬಿಡಿ. ಬೆಂಗಳೂರಿನಿಂದ ಬ್ಯಾಗಿನಲ್ಲಿ ತಂದದ್ದಾದರೆ ಮೂರೂವರೆ ನಾಲ್ಕು ಗಂಟೆಯ ಬಸ್ಸಿನ ಸೆಕೆಯನ್ನೂ ಲೆಕ್ಕಕ್ಕೆ ಸೇರಿಸಿ.

ಫ್ರಿಜ್ಜಿನ ಹೊರಗೇ ತಿಂಗಳುಗಟ್ಟಲೆ ಇಡಬಹುದಾದ ರಟ್ಟಿನ ಪ್ಯಾಕಿನ ಮಸಾಲ ಮಜ್ಜಿಗೆ ಬೇರೆಯೇ ಜಾತಿ. ಹುದುಗಿದ ಮೇಲೆ ಅದನ್ನು ಜೋರು ಕಾಯಿಸಿರುತ್ತಾರೆ, ಜೀವಂತ ಬ್ಯಾಕ್ಟೀರಿಯಾ ಹುಡುಕಿದರೂ ಸಿಗುವುದಿಲ್ಲ. ಬಾಯಾರಿಕೆಗೆ ಕುಡಿಯಿರಿ. ಮಜ್ಜಿಗೆ ಹುಳಿಯೂ ಅಷ್ಟೇ, ಕುದಿದ ಮೇಲೆ ಅದು ಸಾರು. ಬಿಸಿ ಅನ್ನದ ಮೇಲೆ ಮೊಸರು ಸುರಿಯುವವರಿಗೆ ಒಂದು ಮಾತು: 60 ಡಿಗ್ರಿ ದಾಟಿದರೆ ಕೆಲವೇ ನಿಮಿಷದಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಹೋಗುತ್ತವೆ. ಅನ್ನ ಕೈಗೆ ಬೆಚ್ಚಗೆ ತಾಕುವಷ್ಟು ಆರಿದ ಮೇಲೆ ಕಲಸಿದರೆ ಆ ನಷ್ಟವಿಲ್ಲ.

ಸಿಹಿ ಬಾಟಲಿಗಳಲ್ಲಿ ಸಕ್ಕರೆ ನೋಡಿ. 65 ಮಿಲಿಲೀಟರಿಗೆ 10 ಗ್ರಾಂ ಆಸುಪಾಸು ಇರುವುದುಂಟು, ಎರಡು ಚಮಚ. ಶುಗರ್ ಇರುವವರು ಜೀರ್ಣಕ್ಕೆಂದು ದಿನಕ್ಕೆರಡು ಕುಡಿದರೆ ಇನ್ನೊಂದು ಕಡೆ ಲೆಕ್ಕ ತಪ್ಪುತ್ತದೆ.

ಮನೆಯ ಹೆಪ್ಪು

ಮನೆ ಮೊಸರು ಪ್ರೋಬಯೋಟಿಕ್ಕೇ? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆ 2001ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಲಾಭ ತರುವ ಜೀವಂತ ಸೂಕ್ಷ್ಮಜೀವಿಗೆ ಮಾತ್ರ ಆ ಹೆಸರು. ಹೆಪ್ಪಿನಲ್ಲಿ ಯಾವ ತಳಿ ಇದೆ ಎಂದು ಯಾರಿಗೂ ಗೊತ್ತಿಲ್ಲ, ಮನೆಯಿಂದ ಮನೆಗೆ, ಬೇಸಿಗೆಯಿಂದ ಚಳಿಗೆ ಬದಲಾಗುತ್ತದೆ. ಆದ್ದರಿಂದ ಶಾಸ್ತ್ರಪ್ರಕಾರ ಅಲ್ಲ. ಅದು ಜೀವಂತ ಬ್ಯಾಕ್ಟೀರಿಯಾ ಇರುವ ಒಳ್ಳೆಯ ಆಹಾರ, ಲ್ಯಾಕ್ಟೋಸ್ ಕೆಲಸಕ್ಕೆ ಅಷ್ಟು ಸಾಕು.

ಆ ಲಾಭವಾದರೂ ಪೂರ್ತಿ ಸಿಗಬೇಕಾದರೆ ಹೆಪ್ಪು ಸರಿಯಾಗಬೇಕು. ಒಂದು ಲೀಟರ್ ಹಾಲು ಕುದಿಸಿ, ಕಿರುಬೆರಳು ಅದ್ದಿ ಹತ್ತು ಎಣಿಸುವವರೆಗೆ ಹಿತವಾಗಿ ತಡೆಯುವಷ್ಟು ಆರಿಸಿ, ಅದು 40 ಡಿಗ್ರಿ ಆಸುಪಾಸು. ಹಿಂದಿನ ದಿನದ, ಹೆಚ್ಚು ಹುಳಿಯಾಗದ ಮೊಸರು ಎರಡು ಚಿಕ್ಕ ಚಮಚ, ಸುಮಾರು 10 ಗ್ರಾಂ, ಮೊದಲು ಸ್ವಲ್ಪ ಹಾಲಿನಲ್ಲಿ ಕದಡಿ ಆಮೇಲೆ ಪೂರ್ತಿಗೆ ಬೆರೆಸಿ. ಹುಳಿ ಏರಿ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 4.6ರ ಹತ್ತಿರ ಬಂದಾಗ ಹಾಲಿನ ಕೇಸೀನ್ ಪ್ರೋಟೀನು ಒಂದಕ್ಕೊಂದು ಹಿಡಿದುಕೊಂಡು ಗಟ್ಟಿಯಾಗುತ್ತದೆ, ಅದೇ ಹೆಪ್ಪಾಗುವುದು. ಮಾರ್ಚ್ ಏಪ್ರಿಲಿನಲ್ಲಿ ಆರು ಗಂಟೆ ಸಾಕು. ಡಿಸೆಂಬರಿನಲ್ಲಿ ಚಿಕ್ಕಮಗಳೂರಿನ ರಾತ್ರಿಗೆ ಹತ್ತು ಹನ್ನೆರಡು ಗಂಟೆಗೂ ತೆಳ್ಳಗೇ ಉಳಿಯುತ್ತದೆ. ಹೆಪ್ಪನ್ನು ಎರಡರಷ್ಟು ಮಾಡಿ, ಪಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಹೂತಿಡಿ ಅಥವಾ ಮುಚ್ಚಳ ಬಿಗಿಯಾದ ಹಾಟ್‌ಬಾಕ್ಸಿನಲ್ಲಿ ಹಾಕಿ. ಬಿಸಿ ಹೆಚ್ಚಾದ ಹಾಲಿಗೆ ಹೆಪ್ಪು ಹಾಕಿದರೆ ಅದು ಸತ್ತುಹೋಗಿ ಬೆಳಿಗ್ಗೆ ಹಾಲು ಹಾಲಾಗಿಯೇ ಇರುತ್ತದೆ.

ಚಳಿಯಲ್ಲಿ ಮೊಸರು ಲೋಳೆಲೋಳೆಯಾಗಿ ಚಮಚಕ್ಕೆ ನೂಲಿನಂತೆ ಎಳೆದುಕೊಳ್ಳುವುದು ಬಹಳ ಜನರ ದೂರು. ತಣ್ಣಗಿನ ಹಾಲಿನಲ್ಲಿ ಶಾಖ ಬೇಡುವ ಬ್ಯಾಕ್ಟೀರಿಯಾ ಹಿಂದೆ ಬಿದ್ದು, ಅಂಟು ಪದಾರ್ಥ ಬಿಡುವ ಬೇರೆ ಬ್ಯಾಕ್ಟೀರಿಯಾ ಮುಂದೆ ಬರುತ್ತವೆ. ವಾಸನೆ, ರುಚಿ ಸರಿಯಿದ್ದರೆ ತಿನ್ನಲು ತೊಂದರೆಯಿಲ್ಲ, ಆದರೆ ಅದನ್ನೇ ಮತ್ತೆ ಹೆಪ್ಪಿಗೆ ಬಳಸಿದರೆ ಲೋಳೆ ಹೆಚ್ಚುತ್ತಲೇ ಹೋಗುತ್ತದೆ. ಬೇರೆ ಮನೆಯ ಹೆಪ್ಪು ತನ್ನಿ. ಮೇಲೆ ನೀರು ನಿಂತಿದ್ದರೆ ಹುಳಿ ಮೀರಿದೆ ಅಥವಾ ಹೆಪ್ಪಾಗುವಾಗ ಪಾತ್ರೆ ಅಲುಗಿದೆ. ಆ ನೀರು ಚೆಲ್ಲಬೇಡಿ, ಸಾರಿಗೋ ಹಿಟ್ಟು ಕಲಸಲೋ ಬಳಸಿ.

ಹಸು ಕಟ್ಟಿದ ಮನೆಗಳಿಗೆ ಮಾತ್ರ ಗೊತ್ತಿರುವ ಇನ್ನೊಂದು ತೊಂದರೆ ಇದೆ. ಹಾಲಿನ ಬಿಸಿ ಸರಿ, ಹೆಪ್ಪು ಸರಿ, ಆದರೂ ಮೊಸರಾಗುವುದಿಲ್ಲ. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟಿದ್ದಾರೆಯೇ ನೋಡಿ. ಥರ್ಮೋಫಿಲಸ್ ಪೆನಿಸಿಲಿನ್‌ಗೆ ಎಷ್ಟು ಸೂಕ್ಷ್ಮವೆಂದರೆ ಹಾಲಿನಲ್ಲಿ ಅದರ ಸುಳಿವಿದ್ದರೂ ಬೆಳೆಯುವುದಿಲ್ಲ, ಕುದಿಸಿದ ಮಾತ್ರಕ್ಕೆ ಔಷಧಿ ಪೂರ್ತಿ ಹೋಗುವುದೂ ಇಲ್ಲ. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮನೆಗೂ ಬಳಸಬಾರದು, ಡೇರಿಗೂ ಹಾಕಬಾರದು.

ಪ್ರೋಬಯೋಟಿಕ್ ಕಪ್ಪಿನದನ್ನೇ ಒಂದು ಚಮಚ ಹೆಪ್ಪಿಗೆ ಹಾಕಿ ಲೀಟರುಗಟ್ಟಲೆ ಮಾಡಿಕೊಳ್ಳುವ ಜಾಣತನ ಫಲಿಸುವುದಿಲ್ಲ. ಮೊಸರಾಗುತ್ತದೆ ನಿಜ, ಮಾಡುವುದು ಅದರ ಜೊತೆಗಿದ್ದ ಸಾಮಾನ್ಯ ಬ್ಯಾಕ್ಟೀರಿಯಾ. ವಿಶೇಷ ತಳಿಗಳು ಬರೀ ಹಾಲಿನಲ್ಲಿ ನಿಧಾನ ಬೆಳೆಯುತ್ತವೆ, ಎರಡು ಮೂರು ಸಲ ಹೆಪ್ಪು ತಿರುಗುವಷ್ಟರಲ್ಲಿ ಹೆಸರಿಗೂ ಉಳಿಯುವುದಿಲ್ಲ.

ಮೋಷನ್ನಿಗೆ ಬೇಕಾದದ್ದು

ಮೊಸರಿನಲ್ಲಿ ನಾರಿನಂಶ ಸೊನ್ನೆ. ಮಲಬದ್ಧತೆಯ ಮಾತು ಬಂದಾಗ ಇದನ್ನು ಮೊದಲು ಹೇಳಬೇಕು. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ರಾಗಿಹಿಟ್ಟಿನಲ್ಲಿ ನೂರು ಗ್ರಾಮಿಗೆ ಸುಮಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ, ಹುರುಳಿಯಲ್ಲಿ 8ರ ಹತ್ತಿರ, ಸೀಬೆಹಣ್ಣಿನಲ್ಲೂ 8ಕ್ಕೆ ಮೇಲೆ. ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆ, ಹುರುಳಿ ಬಸ್ಸಾರು, ಸಂಜೆಗೊಂದು ಸೀಬೆಹಣ್ಣು ತಿಂದವರಿಗೆ ಲೆಕ್ಕ ಹೆಚ್ಚೂ ಕಡಿಮೆ ಕೂಡಿಬರುತ್ತದೆ. ಹಾಸನದ ಕಡೆ ಮುದ್ದೆ ಬಿಟ್ಟು ಮೂರು ಹೊತ್ತೂ ಪಾಲಿಶ್ ಅಕ್ಕಿ ಅನ್ನ ಉಣ್ಣುವ ಮನೆಗೆ ಪ್ರೋಬಯೋಟಿಕ್ ಬಾಟಲಿ ತಂದಿಡುವುದು, ಸೌದೆಯಿಲ್ಲದ ಒಲೆಗೆ ಊದುಕೊಳವೆ ಕೊಂಡ ಹಾಗೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಕ್ಕೂ ತಿನ್ನಲು ಬೇಕಾದದ್ದು ಆ ನಾರೇ.

ಊಟದಲ್ಲಿ ಸಾಲದಿದ್ದರೆ ಇಸಬ್‌ಗೋಲು. ದಿನಕ್ಕೆ ಒಂದು ಚಿಕ್ಕ ಚಮಚದಿಂದ ಶುರು ಮಾಡಿ ವಾರವಾರಕ್ಕೆ ಏರಿಸಿ ಎರಡು ಹೊತ್ತಿನದು ಸೇರಿ 10 ಗ್ರಾಮಿನವರೆಗೆ. ಪ್ರತಿ ಸಲ ದೊಡ್ಡ ಲೋಟ ತುಂಬ ನೀರು ಕುಡಿಯಲೇಬೇಕು. ನೀರಿಲ್ಲದೆ ನುಂಗಿದರೆ ಅದೇ ಗಂಟಲಲ್ಲೋ ಕರುಳಲ್ಲೋ ಗಂಟಾಗಿ ಕಟ್ಟಿಕೊಳ್ಳುತ್ತದೆ. ಬೇರೆ ಮಾತ್ರೆಗಳಿದ್ದರೆ ಎರಡು ಗಂಟೆ ಅಂತರವಿರಲಿ.

ಬೆಳಗಿನ ಕಾಫಿಯ ಬಗ್ಗೆ ಜನ ಹೇಳುವುದು ಬರೀ ಅಭ್ಯಾಸದ ಮಾತಲ್ಲ. 1990ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ 100ಕ್ಕೆ 29 ಜನ ಕಾಫಿ ಕುಡಿದರೆ ಎರಡಕ್ಕೆ ಹೋಗಬೇಕೆನಿಸುತ್ತದೆ ಎಂದರು, ಅಂಥವರ ದೊಡ್ಡ ಕರುಳಿನ ಕೊನೆಯ ಭಾಗ ಕಾಫಿ ಕುಡಿದ 4 ನಿಮಿಷಕ್ಕೇ ಚುರುಕಾದದ್ದು ಅಳತೆಗೆ ಸಿಕ್ಕಿತು. ಕೆಫೀನ್ ತೆಗೆದ ಕಾಫಿಗೂ ಹಾಗೇ ಆಯಿತು. ಪುಡಿಗೆ ಬೆರೆಸುವ ಚಿಕೋರಿಯ ಬೇರಿನಲ್ಲಿ ಇನುಲಿನ್ ಎಂಬ ನಾರಿದೆ, ದಿನಕ್ಕೆ 12 ಗ್ರಾಂ ಇನುಲಿನ್ ಮೋಷನ್ ಸಂಖ್ಯೆ ಹೆಚ್ಚಿಸುತ್ತದೆಂದು ಯುರೋಪಿನ ಪ್ರಾಧಿಕಾರವೇ 2015ರಲ್ಲಿ ಒಪ್ಪಿತು. ಆದರೆ ಹುರಿದಾಗ ಇನುಲಿನ್ ಬಹಳಷ್ಟು ಒಡೆದುಹೋಗುತ್ತದೆ, ಒಂದು ಲೋಟ ಕಾಫಿಗೆ ಬೀಳುವ ಚಿಕೋರಿಯೂ ಚಿಟಿಕೆಯಷ್ಟು. ಅದನ್ನು ನೆಚ್ಚಿ ಚಿಕೋರಿ ಪಾಲು ಹೆಚ್ಚಿಸಿಕೊಳ್ಳಬೇಡಿ, ಕಾಫಿ ಕೆಡುತ್ತದೆ.

ದಿನಾ ಹೋಗಲೇಬೇಕೆಂಬ ನಿಯಮವಿಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೂ ಸಹಜವೇ, ತಿಣುಕಬೇಕಾಗದಿದ್ದರೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಕೆಲವು ಬಿಪಿ ಮತ್ತು ನೋವಿನ ಮಾತ್ರೆ, ಥೈರಾಯ್ಡ್ ಕೊರತೆ, ಇವು ಹೊಟ್ಟೆ ಕಟ್ಟಿಸುತ್ತವೆ, ಅವನ್ನು ಸರಿಪಡಿಸದೆ ಯಾವ ಮೊಸರೂ ಕೆಲಸ ಮಾಡದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಐವತ್ತರ ಬಳಿಕ ಹೊಸದಾಗಿ ಕ್ರಮ ತಪ್ಪುವುದು ಕಂಡರೆ ಅಂಗಡಿಯ ಫ್ರಿಜ್ಜಿಗಲ್ಲ, ಡಾಕ್ಟರ ಬಳಿಗೆ ಹೋಗಬೇಕು. ಪ್ರೋಬಯೋಟಿಕ್ಕಿಗೆ ಗಟ್ಟಿ ಪುರಾವೆ ಇರುವ ಜಾಗ ಮಲಬದ್ಧತೆಗಿಂತ ಆಂಟಿಬಯೋಟಿಕ್ ತಿನ್ನುವ ಮಕ್ಕಳ ಭೇದಿ. ವೈದ್ಯಕೀಯ ಪುರಾವೆಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2019ರಲ್ಲಿ ಮಾಡಿದ 33 ಪ್ರಯೋಗಗಳ ಪರಿಶೀಲನೆಯಲ್ಲಿ ಕೊಟ್ಟವರಲ್ಲಿ ಶೇ. 8, ಕೊಡದವರಲ್ಲಿ ಶೇ. 19 ಮಕ್ಕಳಿಗೆ ಭೇದಿಯಾಯಿತು. ಅದೂ ಮಗುವಿನ ಡಾಕ್ಟರನ್ನು ಕೇಳಿಯೇ. ತಿಂಗಳು ತುಂಬದ ಶಿಶುಗಳಿಗೆ, ಕೀಮೋ ನಡೆಯುತ್ತಿರುವವರಿಗೆ, ರಕ್ತನಾಳದೊಳಗೆ ಟ್ಯೂಬು ಹಾಕಿಸಿಕೊಂಡವರಿಗೆ ಮನೆಯವರೇ ತೀರ್ಮಾನಿಸಿ ಕೊಡುವಂಥದ್ದಲ್ಲ.

ಇಷ್ಟಾದ ಮೇಲೂ ಪರೀಕ್ಷಿಸಿ ನೋಡುವ ಮನಸ್ಸಿದ್ದರೆ ತಪ್ಪೇನಿಲ್ಲ, ಕ್ರಮವಾಗಿ ಮಾಡಿ. ಮೊದಲು ಎರಡು ವಾರ ಏನೂ ಬದಲಿಸದೆ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಎಷ್ಟು ಸಲ, ಗಟ್ಟಿಯೋ ಮೆತ್ತಗೋ, ತಿಣುಕಿದ್ದು ಹೌದೋ ಅಲ್ಲವೋ, ಉಬ್ಬರ ಹತ್ತಕ್ಕೆ ಎಷ್ಟು ಎಂದು ಗುರುತು ಹಾಕಿ. ಆಮೇಲೆ ತಳಿಯ ಹೆಸರು ಪೂರ್ತಿ ಬರೆದಿರುವ ಒಂದೇ ಒಂದು ಉತ್ಪನ್ನ ಆರಿಸಿ, ಲೇಬಲ್ಲಿನ ಅಳತೆಯಷ್ಟು ದಿನವೂ ನಾಲ್ಕು ವಾರ. ಆ ನಾಲ್ಕು ವಾರ ಇಸಬ್‌ಗೋಲು ಶುರು ಮಾಡಬೇಡಿ, ಮುದ್ದೆ ಹೆಚ್ಚಿಸಬೇಡಿ, ವಾಕಿಂಗ್ ಹೊಸದಾಗಿ ಹಿಡಿಯಬೇಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೊದಲ ಮೂರು ನಾಲ್ಕು ದಿನ ಗ್ಯಾಸ್ ಹೆಚ್ಚಾಗುವುದುಂಟು, ಅದಕ್ಕೆ ಹೆದರಿ ಬಿಡಬೇಕಾಗಿಲ್ಲ. ನಾಲ್ಕು ವಾರವಾದ ಮೇಲೆ ನಿಲ್ಲಿಸಿ ಇನ್ನೆರಡು ವಾರ ಗುರುತು ಹಾಕಿ. ಮಧ್ಯದ ನಾಲ್ಕು ವಾರ ಮೊದಲಿಗಿಂತ ಚೆನ್ನಾಗಿದ್ದು, ಕೊನೆಯ ಎರಡು ವಾರ ಮತ್ತೆ ಹಿಂದಿನಂತಾದರೆ ಆ ತಳಿ ನಿಮಗೆ ಕೆಲಸ ಮಾಡುತ್ತಿದೆ. ಮೂರೂ ಭಾಗ ಒಂದೇ ಥರ ಕಂಡರೆ ಕೆಳಗಿನ ಟ್ರೇಯ ಅರ್ಧ ಲೀಟರ್ ಪ್ಯಾಕೆಟ್ಟೇ ಸಾಕು.